ಒಂದು ಸಾಲು ಜಾಗ

ಗೋಡೆಗೆ ಸುಣ್ಣ ಹೊಡೆದು ಎರಡು ದಿನ,
ಇನ್ನೂ ಅಂಗೈಗೆ ಹತ್ತುತ್ತದೆ.
ನಾನು ಬೇತೂರು ರಸ್ತೆಯ ಪೇಂಟರ್ ಚಮನ್‌ಸಾಬ:
ಕಿರಾಣಿ ಅಂಗಡಿ, ಕಣ್ಣಿನ ಆಸ್ಪತ್ರೆ, ಲಾರಿಯ ಹಿಂದೆ ತಾಯಿಯ ಆಶೀರ್ವಾದ.
ಗರಡಿಯ ಒಳಗೆ ಇದೇ ಮೊದಲು.
ಚಪ್ಪಲಿ ಹೊರಗೆ ಬಿಟ್ಟೆ. ಡಬ್ಬಿ, ಕುಂಚ, ದಾರ ಒಳಗೆ ತಂದೆ.

ಮಂಡಕ್ಕಿ ಭಟ್ಟಿಯ ಹೊಗೆ ಕಿಟಕಿಯಲ್ಲಿ ಇಣುಕಿ
ಹನುಮಪ್ಪನ ಮೂಗಿಗೆ ಕರಿ ಹಚ್ಚಿ ಹೋಗುತ್ತಿತ್ತು.

'ಗುರುಪರಂಪರೆ ಅಂತ ಮ್ಯಾಲೆ ದಪ್ಪಗೆ ಬರಿ,' ಅಂದರು ಉಸ್ತಾದ್ ಪರಸಪ್ಪ,
'ಕೆಳಗೆ ನಾ ಹೇಳಿದಂಗೆ ಒಬ್ಬೊಬ್ರು.'
ಅಕ್ಷರಕ್ಕೆ ಹದಿನೈದು ರೂಪಾಯಿ, ಒತ್ತಿಗೆ ಬೇರೆ ಇಲ್ಲ
ಎಂದು ಮೊದಲೇ ಮಾತಾಗಿತ್ತು.

ಮೊಣಕಾಲೆತ್ತರದಿಂದ ಶುರು, ಮರ ಹತ್ತಿದ ಹಾಗೆ.
ಪರಸಪ್ಪ. ಹೇಳಿ ಕೆಮ್ಮಿದರು;
ತಮ್ಮ ಹೆಸರು ಬರೆಸುವಾಗ ಎಲ್ಲರೂ ಕೆಮ್ಮುತ್ತಾರೆ.
ಅವರ ಮೇಲೆ ಉಚ್ಚೆಂಗೆಪ್ಪ, ಹತ್ತಿ ಮಿಲ್ಲಿನ ರಾತ್ರಿ ಪಾಳಿ ಮುಗಿಸಿ
ಕಿವಿಯ ಹತ್ತಿಯನ್ನೂ ತೆಗೆಯದೆ ಮಟ್ಟಿಗೆ ಇಳಿಯುತ್ತಿದ್ದರಂತೆ,
ಹುಡುಗರ ನರಳಾಟ ಕೇಳಿಸುತ್ತಿರಲಿಲ್ಲ.
ಅವರ ಮೇಲೆ ಬುಡೇನ್‌ಸಾಬರು, ಟಾಂಗಾದವರು.
ಕುದುರೆಗೆ ನೆನೆಸಿದ ಕಡಲೆಯಲ್ಲಿ ಶಿಷ್ಯರಿಗೆ ಹಿಡಿ ಹಿಡಿ ಪಾಲು.
'ಕುದುರೆ ಬಡಕಲಾತು,' ಅಂದರು ಉಸ್ತಾದ್, 'ಗರಡಿ ಮೈ ತುಂಬ್ಕಂತು.'

'ಅವರ ಮೇಲೆ?'
ಕುಂಚ ಎತ್ತಿ ನಿಂತೆ.
ಕೆಂಪು ಬಣ್ಣ ಮಣಿಕಟ್ಟಿಗೆ ಇಳಿಯಿತು.

ಉಸ್ತಾದ್ ಮಟ್ಟಿಯ ಅಂಚಿಗೆ ಕೂತರು.
ಬುಡೇನ್‌ಸಾಬನಿಗೆ ಆಗ ಇಪ್ಪತ್ತು. ಹರಿಹರದ ಹೊಳೆದಂಡೆ, ಕುಸ್ತಿ.
ಎದುರಿಗೆ ಯಾರೋ ಒಬ್ಬ. ಹಲಗೆಯವನೂ ಹೆಸರು ಕೂಗಿರಲಿಲ್ಲ.
ಒಂದು ಕಿವಿ ಸುಟ್ಟ ಹಪ್ಪಳದಂತೆ ಮುರುಟಿತ್ತು.
ಎಡಗಾಲು ಒಳಗೆ ಹಾಕಿ, ಸೊಂಟ ತಿರುವಿ
ಒಂದೇ ಉಸಿರಿಗೆ ಆಕಾಶ ತೋರಿಸಿದ.
ಬೆನ್ನಿನ ಮಣ್ಣು ಕೊಡವದೆ ಬುಡೇನ್‌ಸಾಬ
ಹರಿಗೋಲಿನ ತನಕ ಅವನ ಹಿಂದೆ ನಡೆದ:
'ಆ ಪಟ್ಟು ಇನ್ನೊಂದ್ಸಲ ಹಾಕು.'
ಹಾಕಿದ. ಮತ್ತೂ ಹಾಕಿದ.
ಅಂಬಿಗ ಬೈಯತೊಡಗುವ ಹೊತ್ತಿಗೆ
ಬಿದ್ದು ಬಿದ್ದು ಕಾಲು ಕಲಿತಿತ್ತು.
ಹರಿಗೋಲು ಹೊರಟಿತು.
ಹೆಸರು ಕೇಳುವುದು ಮರೆತಿತ್ತು.

ಇವತ್ತಿಗೂ ಇಲ್ಲಿ ಎಲ್ಲರೂ ಹಾಕುವುದು ಆ ಎಡಗಾಲನ್ನೇ.

'ಹರಿಹರದವರು ಅಂತ ಬರೆಯಲೇ?'
'ಅವನ ಊರು ಹರಿಹರ ಅಲ್ಲಪ. ಅಲ್ಲಿಂದ ಹೋದ.'
'ಅಜ್ಞಾತ ಗುರು?'
'ಯಾರಿಗೆ ಅಜ್ಞಾತ? ಅವನಿಗೆ ಗೊತ್ತಿತ್ತಲ್ಲ ಅವನ ಹೆಸರು.'

ಟ್ರಸ್ಟಿನ ಕಾಗದ ಹಿಡಿದಿದ್ದ ಖಜಾಂಚಿ ಗಂಟಲು ಸರಿಮಾಡಿಕೊಂಡ:
'ದುರ್ಗದ ಪಾಳೆಯಗಾರರ ಜಟ್ಟಿ ಅಂತ ಯಾವುದಾದ್ರೂ ಹೆಸರು ಹಾಕೋಣ.
ಯಾರು ಬಂದು ಕೇಳ್ತಾರೆ?'
ಉಸ್ತಾದ್ ಅವನತ್ತ ನೋಡಲಿಲ್ಲ.
ಹಿಡಿ ಮಣ್ಣು ತೆಗೆದು ಮೂಸಿದರು:
ಎಣ್ಣೆ, ಅರಿಶಿನ, ಮಜ್ಜಿಗೆ, ಯಾರು ಯಾರದೋ ಬೆವರು.
ಗರಡಿ ಮೂರು ಸಲ ಜಾಗ ಬದಲಿಸಿತಂತೆ.
ಮೂರು ಸಲವೂ ಹಳೆ ಮಟ್ಟಿಯ ಒಂದು ಬುಟ್ಟಿ
ಹೊಸದಕ್ಕೆ ಬಿತ್ತು, ಹಾಲಿಗೆ ಹೆಪ್ಪು ಬಿದ್ದ ಹಾಗೆ.
'ಬುಡೇನ್‌ಸಾಬರ ಬೆನ್ನಿಗೆ ಹತ್ತಿದ ಹೊಳೆಮಣ್ಣು
ಇದರಾಗ ಇದ್ರೂ ಇರಬಹುದು. ಚಿಟಿಕೆ.'

ಆಮೇಲೆ: 'ಒಂದು ಸಾಲು ಜಾಗ ಬಿಡು.'

ದಾರ ಹಿಡಿದು ಗೆರೆ ಎಳೆದೆ, ಖಾಲಿ ಸಾಲಿಗೂ
ಮೇಲೊಂದು, ಕೆಳಗೊಂದು.
ಊಟ ಮುಗಿಸಿ ಬಂದರೆ
ಹಮಾಲಿ ದುರುಗೇಶಿಯ ಮಗಳು ಪಲ್ಲವಿ
ಸಾಮು ಮುಗಿಸಿ ದಣಿದು
ನನ್ನ ಹಸಿ ಗೋಡೆಗೇ ಒರಗಿ ನಿಂತಿದ್ದಾಳೆ!
ಕೂಗಿದೆ. ಬೆಚ್ಚಿ ಸರಿದಳು.
ಬಿಳಿ ಅಂಗಿಯ ಬೆನ್ನ ಮೇಲೆ ಬುಡೇನ್‌ಸಾಬರು ತಲೆಕೆಳಗಲ್ಲ, ಹಿಂದುಮುಂದು,
ಸೊಂಟದ ಹತ್ತಿರ ಉಚ್ಚೆಂಗೆಪ್ಪ ಅರ್ಧ,
ಪರಸಪ್ಪ ಮಾತ್ರ ಅವಳ ಮಡಿಚಿದ ಮೊಣಕಾಲ ಹಿಂದೆ ಉಳಿದುಕೊಂಡಿದ್ದರು.
ಖಾಲಿ ಸಾಲಿನಲ್ಲಿ ಎರಡು ಭುಜದ ಮಣ್ಣು.

ಉಸ್ತಾದ್ ನಕ್ಕು ನಕ್ಕು ಕಂಬ ಹಿಡಿದುಕೊಂಡರು.

ಹೆಸರುಗಳನ್ನು ತಿದ್ದಿದೆ. ಮಣ್ಣು ಒರೆಸಲು ಬಟ್ಟೆ ಎತ್ತಿದೆ,
ಯಾರೂ ಬೇಡ ಅನ್ನಲಿಲ್ಲ, ಆದರೂ ಇಳಿಸಿದೆ.

ಸಂಜೆ ಲೆಕ್ಕದ ಚೀಟಿ ಬರೆದೆ. ಹೆಸರು, ಅಕ್ಷರ, ರೂಪಾಯಿ.
ನಾಲ್ಕನೆಯದಕ್ಕೆ ಎಷ್ಟು ಹಾಕಬೇಕೋ ತಿಳಿಯದೆ
ಚೀಟಿಯಲ್ಲೂ ಒಂದು ಸಾಲು ಬಿಟ್ಟು
ಕೆಳಗೆ ಕೂಡಿಸಿದೆ.